ಕೊನೆಯ ಸ್ಥಾನದ ಮಕ್ಕಳು

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ದಕ್ಷಿಣ ಕನ್ನಡಕ್ಕೆ ಶೇ 91.12, ಮೊದಲ ಸ್ಥಾನ. ಕಲಬುರಗಿಗೆ ಶೇ 42.43, ಕೊನೆಯ ಸ್ಥಾನ. ಇಂಥ ಸುದ್ದಿ ಬಂದಾಗಲೆಲ್ಲ ಆ ಜಿಲ್ಲೆಯ ಸೇಡಂ, ಚಿಂಚೋಳಿ, ಶಹಾಬಾದಿನ ಚಹಾದಂಗಡಿಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: ‘ನಮ್ ಕಡೀ ಮಂದಿ ಇಷ್ಟೇ ನೋಡ್ರಿ.’ ಹೇಳುವವರಿಗೆ ಅದು ನಿಟ್ಟುಸಿರು. ಪಕ್ಕದಲ್ಲಿ ಅಪ್ಪನ ಕೈ ಹಿಡಿದು ನಿಂತ ಎಂಟನೇ ತರಗತಿಯ ಹುಡುಗನಿಗೆ ಅದು ತನ್ನ ಬಗ್ಗೆ ಹಿರಿಯರು ಕೊಟ್ಟ ತೀರ್ಪು.

ಆ ಹುಡುಗ ಮುಂದೆ ಹೇಗೆ ಓದುತ್ತಾನೆ ಎಂಬುದರಲ್ಲಿ ಅವನ ಬುದ್ಧಿಯ ಪಾಲೆಷ್ಟು, ಕಿವಿಗೆ ಬಿದ್ದ ಈ ಮಾತಿನ ಪಾಲೆಷ್ಟು?

ವಿಶ್ವಬ್ಯಾಂಕಿಗಾಗಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ನಡೆಸಿ, 2004ರಲ್ಲಿ ವರದಿ ಮಾಡಿದ ಪ್ರಯೋಗವೊಂದು ಇದಕ್ಕೆ ಹತ್ತಿರದ ಉತ್ತರ ಕೊಡುತ್ತದೆ. ಆರು, ಏಳನೇ ತರಗತಿಯ ಹುಡುಗರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ, ಕಾಗದದ ಮೇಲಿನ ಚಕ್ರವ್ಯೂಹದಂಥ ಒಗಟುಗಳನ್ನು ಬಿಡಿಸಲು ಕೊಟ್ಟರು. ಬಿಡಿಸಿದಷ್ಟಕ್ಕೂ ಹಣ. ಜಾತಿಯ ಮಾತೇ ಎತ್ತದಿದ್ದಾಗ ಮೇಲ್ಜಾತಿಯ ಮತ್ತು ಕೆಳಜಾತಿ ಎನಿಸಿಕೊಂಡ ಹುಡುಗರು ಹೆಚ್ಚುಕಡಿಮೆ ಸಮಸಮ ಬಿಡಿಸಿದರು. ಇನ್ನು ಕೆಲವು ಗುಂಪುಗಳಲ್ಲಿ ಆಟಕ್ಕೆ ಮುನ್ನ ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ಅಜ್ಜನ ಹೆಸರು, ಜಾತಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಹುಡುಗ ಹೌದೆಂದು ತಲೆಯಾಡಿಸಬೇಕು, ಅಷ್ಟೆ. ಅಲ್ಲಿ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಎದ್ದು ಕಾಣುವಷ್ಟು ಕುಸಿಯಿತು. ಒಗಟು ಅದೇ, ಕೈ ಅದೇ, ತಲೆಯೂ ಅದೇ.

ಹಾಜರಿ ಕೂಗಿದಂತೆ ವಿದ್ಯಾರ್ಥಿವೇತನದ ಪಟ್ಟಿಯನ್ನು ಜಾತಿ ಸಮೇತ ತರಗತಿಯಲ್ಲಿ ಓದುವ ರೂಢಿ ಇರುವ ಶಾಲೆಗಳು ಈ ಪ್ರಯೋಗವನ್ನು ಒಮ್ಮೆ ನೆನೆಯಬೇಕು.

ಈ ಸೀಮೆಯ ಮಕ್ಕಳಿಗೆ ಜಾತಿಯ ಜೊತೆಗೆ ಇನ್ನೊಂದು ಹಣೆಪಟ್ಟಿಯೂ ಇದೆ: ‘ಹಿಂದುಳಿದ’. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯು ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ 39ರ ಸಾಲಿನಲ್ಲಿದ್ದವು. ಆಗ ಶಹಾಬಾದ್ ಕೂಡ ಚಿತ್ತಾಪುರ ತಾಲ್ಲೂಕಿನೊಳಗೇ ಇತ್ತು. ಆ ವರದಿ ಬೇಕಿತ್ತು. ಅದರ ಲೆಕ್ಕವಿಲ್ಲದೆ ಈ ಭಾಗಕ್ಕೆ ಅನುದಾನ ಕೇಳಲು ಬಲ ಇರುತ್ತಿರಲಿಲ್ಲ. ಸಂವಿಧಾನದ 371 (ಜೆ) ವಿಧಿಯಡಿ ಈ ಭಾಗಕ್ಕೆ ಸಿಕ್ಕ ಮೀಸಲಾತಿಯಿಂದ ಇಲ್ಲಿನ ಎಷ್ಟೋ ಮಕ್ಕಳು ಡಾಕ್ಟರು, ಎಂಜಿನಿಯರುಗಳಾಗುತ್ತಿದ್ದಾರೆ. ಬಜೆಟ್ ಕಡತದಲ್ಲಿ ‘ಹಿಂದುಳಿದ’ ಎಂಬ ಪದ ಇನ್ನೂ ಬಹಳ ವರ್ಷ ಇರಲಿ. ಕಡತದಿಂದ ಇಳಿದು ಅದು ತರಗತಿಯ ಬೆಂಚಿನ ಮೇಲೆ ಬಂದು ಕೂತದ್ದೇ ತಪ್ಪಾಯಿತು. ರಸ್ತೆ, ನೀರು, ಆಸ್ಪತ್ರೆ, ಶಿಕ್ಷಕರು ಕಡಿಮೆ ಇರುವ ತಾಲ್ಲೂಕಿಗೆ ಕೊಟ್ಟ ಹೆಸರನ್ನು ಮಗುವಿಗೆ ಅಂಟಿಸಿದ್ದೇವೆ.

ಪರೀಕ್ಷೆಯ ನಕಲಿನ ಮೂಲವನ್ನೂ ಈ ಹಣೆಪಟ್ಟಿಯಲ್ಲಿಯೇ ಹುಡುಕಬೇಕು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಕ್ಯಾಮೆರಾ ಬಂದದ್ದು ಒಳ್ಳೆಯದೇ. ಆದರೆ ಮಗು ಚೀಟಿ ಹಿಡಿದದ್ದು ಅದರ ಸ್ವಭಾವದಿಂದಲೇ ಎಂದುಕೊಂಡರೆ ಎಡವಿದಂತೆ. ಸುತ್ತಲಿನವರೆಲ್ಲ ಮಾಡುವುದನ್ನು ಮನುಷ್ಯ ತಪ್ಪೆಂದು ಎಣಿಸುವುದು ಕಷ್ಟ. ಅದಕ್ಕಿಂತ ಆಳದ ಪೆಟ್ಟು ಇನ್ನೊಂದು. ಹಿರಿಯರೇ ಉತ್ತರ ಹೇಳಿಕೊಟ್ಟ ದಿನ ಆ ಮಗು ಕಲಿತ ಪಾಠ ‘ನಿನ್ನ ಕೈಲಿ ಇದು ಆಗುವುದಿಲ್ಲ’ ಎಂಬುದು.

ಶಿಕ್ಷಕರ ನಿರೀಕ್ಷೆಗೆ ಎಷ್ಟು ಶಕ್ತಿ ಇದೆ ಎಂದು ಅಮೆರಿಕದ ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್ಸನ್ 1968ರಷ್ಟು ಹಿಂದೆಯೇ ತೋರಿಸಿದ್ದರು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಮಕ್ಕಳ ಹೆಸರು ಕೊಟ್ಟು, ‘ಇವರು ಈ ವರ್ಷ ಚುರುಕಾಗುತ್ತಾರೆ’ ಎಂದು ಶಿಕ್ಷಕರಿಗೆ ಹೇಳಿದರು. ಕೆಳ ತರಗತಿಗಳಲ್ಲಿ ಆ ಮಕ್ಕಳು ನಿಜಕ್ಕೂ ಮುಂದೆ ಬಂದರು. ಪರಿಣಾಮದ ಪ್ರಮಾಣ ಎಷ್ಟೆಂಬ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಆದರೂ ‘ಇವರಪ್ಪ ಸಾಲಿ ಕಲ್ತಿಲ್ಲ, ಇಂವ ಏನ್ ಕಲೀತಾನ’ ಎಂಬ ಮಾತಿನಿಂದ ಯಾವ ಮಗುವೂ ಉದ್ಧಾರವಾಗಿಲ್ಲ ಎಂಬುದಕ್ಕೆ ಪ್ರಯೋಗ ಬೇಕಿಲ್ಲ.

ಕಿವಿಗೆ ಬೀಳುವ ಮಾತಿನಂತೆ ಕಣ್ಣಿಗೆ ಬೀಳುವ ನೋಟವೂ ಮಗುವನ್ನು ರೂಪಿಸುತ್ತದೆ. ವಾಡಿಯಲ್ಲೋ ಸೇಡಂನಲ್ಲೋ ಸಿಮೆಂಟ್ ಕಾರ್ಖಾನೆಯ ಕಾಲೊನಿಯ ಗೋಡೆಯ ಪಕ್ಕ ನಿಂತು ನೋಡಿದರೆ ಸಾಕು. ಒಳಗಿನ ಮಗುವಿಗೆ ದಿನಾ ಕಾಣುವವರು ಪಾಳಿ ಮುಗಿಸಿ ಬರುವ ಎಂಜಿನಿಯರು, ಕೆಮಿಸ್ಟು, ಲೆಕ್ಕಪತ್ರದವರು. ದೊಡ್ಡದಾದ ಮೇಲೆ ಏನಾಗಬೇಕೆಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಹೊರಗೆ, ಫರ್ಸಿ ಗಣಿಯ ಬದಿಯ ಓಣಿಯ ಮಗುವಿಗೆ ಕಾಣುವುದು ಕಲ್ಲು ಸೀಳುವ ಕೈಗಳು. ಚಿಂಚೋಳಿಯ ತಾಂಡಾದ ಮಗು ನೋಡುವುದು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೊರಟವರ ಗಂಟುಮೂಟೆಯನ್ನು. ತೊಗರಿ ರಾಶಿ ಮುಗಿದ ಮೇಲೆ ಅಪ್ಪ ಅವ್ವ ಹೊರಟರೆ, ಅಜ್ಜಿಯ ಬಳಿ ಉಳಿದ ಮಗು ಶಾಲೆಗೆ ಹೋದರೂ ಮನಸ್ಸು ರೈಲಿನ ಹಿಂದೆಯೇ. ಮಾರ್ಚಿನ ಪರೀಕ್ಷೆಗೆ ಆಗ ಉಳಿದಿರುವುದು ಕೆಲವೇ ವಾರ.

ಇದನ್ನೆಲ್ಲ ಸೋಲಿನ ನೆಪವಾಗಿ ಹೇಳುತ್ತಿಲ್ಲ. ಪ್ರತಿ ತಾಲ್ಲೂಕಿನ ಫಲಿತಾಂಶದ ಪಕ್ಕದಲ್ಲೇ ಅಲ್ಲಿ ಎಷ್ಟು ಕಾಯಂ ಶಿಕ್ಷಕರಿದ್ದರು, ಗಣಿತಕ್ಕೆ ಅತಿಥಿ ಶಿಕ್ಷಕರು ಬಂದದ್ದು ಯಾವ ತಿಂಗಳು, ಎಷ್ಟು ಮಕ್ಕಳು ಗುಳೆ ಹೋದ ಮನೆಯವರು ಎಂಬುದನ್ನೂ ಇಲಾಖೆ ಪ್ರಕಟಿಸಬೇಕು. ಪತ್ರಿಕೆಗಳೂ ಅದನ್ನು ಶೇಕಡಾವಾರಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕು. ಆಗ ಕೊನೆಯ ಸ್ಥಾನ ಯಾರದೆಂದು ಮಕ್ಕಳಿಗೂ ತಿಳಿಯುತ್ತದೆ.

ಮಕ್ಕಳಿಗೆ ಹೇಳಬೇಕಾದದ್ದು ಇನ್ನೂ ಇದೆ. ಸೇಡಂ ತಾಲ್ಲೂಕಿನ ಮಳಖೇಡ ಅಂದಿನ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ. ಕಾಗಿಣಾ ದಂಡೆಯ ಆ ಆಸ್ಥಾನದಲ್ಲಿ ಒಂಬತ್ತನೇ ಶತಮಾನದಲ್ಲಿ ರೂಪುಗೊಂಡ ‘ಕವಿರಾಜಮಾರ್ಗ’ವು ಕನ್ನಡದ ಜನ ಪಟ್ಟು ಹಿಡಿದು ಓದದೆಯೂ ಕಾವ್ಯದಲ್ಲಿ ಪಳಗಿದವರು ಎಂದು ಹೊಗಳಿತು. ಇದೇ ನೆಲದಿಂದ ತನ್ನ ಜನರ ಬುದ್ಧಿಯ ಬಗ್ಗೆ ಹೊರಟ ಹಳೆಯ ಮಾತು ಅದು. ತೀರ ಈಚಿನದು ಬೇಕೆಂದರೆ, ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಚಿಂಚೋಳಿಯವರು.

ಇನ್ನು ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ. ಅಲ್ಲಿನ 1058ರ ಶಾಸನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವೊಂದರ ಲೆಕ್ಕ ಬರೆದಿಟ್ಟಿದೆ: ವೇದ ಓದುವ ಇನ್ನೂರು ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಮಂದಿ. ಅಂದು ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಇಂದು ನಾಗಾವಿಯ ಅರವತ್ತು ಕಂಬದ ಗುಡಿಯೊಳಗೆ ತಾಂಡಾದ ಮಗುವೂ, ಗಣಿ ಕೂಲಿಯ ಮಗಳೂ ಹೋಗಿ ನಿಲ್ಲಬಹುದು. ಶಾಲಾ ಪ್ರವಾಸದ ಬಸ್ಸು ಹಂಪಿಗೋ ಮೈಸೂರಿಗೋ ಹೊರಡುವ ಮುನ್ನ ಒಂದು ಬೆಳಿಗ್ಗೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಆ ಆರು ಮಂದಿಯ ಕೆಲಸ ಏನಿತ್ತೆಂದು ಮೇಷ್ಟ್ರು ಹೇಳಲಿ. ಚಿತ್ತಾಪುರದಿಂದ ಆಟೊದಲ್ಲಿ ಹೋಗಿ ಬರುವಷ್ಟೇ ದೂರ.