ಲೋಳೆಯ ಕೋಟೆ

ಬಚ್ಚಲುಮನೆಯ ಕಲ್ಲನ್ನು ನಾಲ್ಕು ದಿನ ಉಜ್ಜದೆ ಬಿಟ್ಟರೆ ಅದು ಜಾರತೊಡಗುತ್ತದೆ. ಹೂದಾನಿಯ ನೀರನ್ನು ಬದಲಿಸದೆ ಇಟ್ಟರೆ ಅದರ ಒಳಮೈಗೆ ನುಣುಪಾದ ಲೋಳೆ ಅಂಟುತ್ತದೆ. ಬೆಳಗ್ಗೆ ಹಲ್ಲುಜ್ಜುವ ಮೊದಲು ನಾಲಗೆಯ ತುದಿಯಿಂದ ಹಲ್ಲಿನ ಹಿಂಬದಿಯನ್ನು ಸವರಿದರೆ ಅಲ್ಲಿಯೂ ಅಂಥದೇ ಒಂದು ಪೊರೆ ತಾಕುತ್ತದೆ. ಮನೆವಾರ್ತೆಯವರ ಕಣ್ಣಿಗೆ ಇದು ಬರಿಯ ಕೊಳೆ. ತಿಕ್ಕಿ ತೊಳೆದರೆ ಹೋಗುವಂಥದು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದವರ ಕಣ್ಣಿಗೆ ಅದು ಒಂದು ಊರು. ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ಒಂದೆಡೆ ನೆಲೆಯೂರಿ, ತಾವೇ ಸ್ರವಿಸಿದ ಅಂಟಿನಿಂದ ಗೋಡೆ ಕಟ್ಟಿಕೊಂಡು, ಅದರ ಆಶ್ರಯದಲ್ಲಿ ಒಟ್ಟಾಗಿ ಬಾಳುತ್ತವೆ. ಇಂಥ ನೆಲೆಗೆ ವಿಜ್ಞಾನಿಗಳು ಬಯೋಫಿಲ್ಮ್ ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ಜೀವಿಪೊರೆ ಎನ್ನಬಹುದು.

ಬಚ್ಚಲ ಕಲ್ಲಿನ ಮೇಲೆ ಈ ಪೊರೆ ಬೆಳೆದರೆ ಹೆಚ್ಚೆಂದರೆ ಕಾಲು ಜಾರೀತು. ಅದೇ ಪೊರೆ ಮನುಷ್ಯನ ರಕ್ತನಾಳದೊಳಗೆ, ಹೃದಯದ ಕವಾಟದ ಮೇಲೆ ಬೆಳೆದರೆ ಪ್ರಾಣಕ್ಕೇ ಸಂಚಕಾರ. ಅಲ್ಲಿಗೆ ಬಚ್ಚಲ ಪೊರಕೆ ತಲುಪುವಂತಿಲ್ಲ. ದೇಹದ ಕಾವಲುಗಾರರೂ ಅದರ ಮುಂದೆ ಕೈಚೆಲ್ಲುತ್ತಾರೆ. ಹೆಸರಾಂತ ಔಷಧಗಳೂ ಸೋಲುತ್ತವೆ. ಆದುದರಿಂದ ಈ ಶತ್ರು ಕೋಟೆ ಕಟ್ಟಿದ ಮೇಲೆ ಹೋರಾಡುವುದಕ್ಕಿಂತ ಅದು ಕೋಟೆ ಕಟ್ಟದಂತೆ ಎಚ್ಚರ ವಹಿಸುವುದೇ ಜಾಣತನ. ಇದು ಸರಳವಾದ ಮಾತು. ಆದರೂ ರೋಗಿಗಳೂ ಅವರ ಬಂಧುಗಳೂ, ಎಷ್ಟೋ ವೇಳೆ ಆಸ್ಪತ್ರೆಗಳೂ ಮರೆಯುವ ಮಾತು ಇದೇ.

ಈ ಪೊರೆಯನ್ನು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್. ಅವನು ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ತನ್ನ ಹಲ್ಲಿನಿಂದ ಕೆರೆದ ಬಿಳಿಯ ಪದಾರ್ಥವನ್ನು ನೋಡಿ, ಅದರಲ್ಲಿ ಓಡಾಡುವ ಕಿರುಜೀವಿಗಳಿರುವುದನ್ನು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದನು. ವಿನೆಗರಿನಿಂದ ಬಾಯಿ ತೊಳೆದರೆ ಆ ಪೊರೆಯ ಹೊರಗಿನ ಜೀವಿಗಳು ಮಾತ್ರ ಸಾಯುತ್ತವೆ, ಒಳಗಿನವು ಉಳಿಯುತ್ತವೆ ಎಂಬುದನ್ನೂ ಅವನು ಗಮನಿಸಿದ್ದನು. ಮುಂದೆ ಪಾಶ್ಚರ್, ಕಾಕ್ ಮೊದಲಾದ ಮಹನೀಯರು ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿ ಬೆಳೆಸುವ ವಿಧಾನಗಳನ್ನು ರೂಪಿಸಿದರು. ಅದರಿಂದ ವೈದ್ಯಶಾಸ್ತ್ರಕ್ಕೆ ಆದ ಉಪಕಾರ ಅಪಾರ. ಆದರೆ ಬ್ಯಾಕ್ಟೀರಿಯಾ ಎಂದರೆ ನೀರಿನಲ್ಲಿ ಒಂಟಿಯಾಗಿ ತೇಲುವ ಜೀವಿ ಎಂಬ ಭಾವನೆಯೂ ಅದರೊಂದಿಗೆ ಬೇರೂರಿತು. ಕೆನಡಾದ ವಿಜ್ಞಾನಿ ಕಾಸ್ಟರ್ಟನ್ ಮತ್ತು ಅವರ ಸಂಗಡಿಗರು 1978ರಲ್ಲಿ ಬ್ಯಾಕ್ಟೀರಿಯಾಗಳು ಅಂಟಿಕೊಂಡು ಗುಂಪಾಗಿ ಬಾಳುವ ಬಗೆಯನ್ನು ವಿವರಿಸಿ ಬರೆದರು. ಲೀವೆನ್‌ಹುಕ್ ಕಂಡ ಸತ್ಯಕ್ಕೆ ಪೂರ್ಣ ಮನ್ನಣೆ ದೊರೆಯಲು ಹೀಗೆ ಸುಮಾರು ಮುನ್ನೂರು ವರ್ಷಗಳೇ ಬೇಕಾದವು.

ರಕ್ತವೆಂಬುದು ಕಾವಲಿಲ್ಲದ ಬಯಲಲ್ಲ. ಹಲ್ಲುಜ್ಜುವಾಗ, ಗಟ್ಟಿ ಪದಾರ್ಥವನ್ನು ಅಗಿಯುವಾಗ ಒಸಡಿನ ಸಣ್ಣ ಗಾಯಗಳ ಮೂಲಕ ಕೆಲವು ಬ್ಯಾಕ್ಟೀರಿಯಾಗಳು ರಕ್ತಕ್ಕೆ ಇಳಿಯುವುದುಂಟು. ಆರೋಗ್ಯವಂತನಲ್ಲಿ ಅವು ಬಹುಕಾಲ ಬದುಕುವುದಿಲ್ಲ. ರಕ್ತದಲ್ಲಿ ಕರಗಿರುವ ರಕ್ಷಕ ಪ್ರೋಟೀನುಗಳು ಅವುಗಳ ಮೈಗೆ ಹತ್ತಿ, ಇವು ಪರಕೀಯರೆಂದು ಗುರುತು ಹಚ್ಚುತ್ತವೆ. ಆ ಗುರುತನ್ನು ಕಂಡ ಬಿಳಿಯ ರಕ್ತಕಣಗಳು ಅವುಗಳನ್ನು ನುಂಗಿ ಅರಗಿಸುತ್ತವೆ. ಯಕೃತ್ತು ಮತ್ತು ಗುಲ್ಮಗಳಲ್ಲಿ ಕಾದು ಕುಳಿತ ಭಕ್ಷಕಕಣಗಳು ಹರಿದು ಬರುವ ರಕ್ತವನ್ನು ಸೋಸಿ ಉಳಿದವನ್ನು ಹಿಡಿಯುತ್ತವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 4,000ದಿಂದ 11,000ದವರೆಗೆ ಬಿಳಿಯ ಕಣಗಳಿರುತ್ತವೆ. ವಯಸ್ಕರಲ್ಲಿ ಅವುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ನ್ಯೂಟ್ರೋಫಿಲ್ ಎಂಬ ಜಾತಿಯವು. ಅಪಾಯದ ಸುಳಿವು ಸಿಕ್ಕೊಡನೆ ಮುನ್ನುಗ್ಗುವ ಕಾಲಾಳುಗಳೆಂದರೆ ಅವೇ.

ಕಣಗಳು ಹೀಗೆ ಶತ್ರುವನ್ನು ನುಂಗುತ್ತವೆಂಬುದರ ಮಹತ್ವವನ್ನು ಜಗತ್ತಿಗೆ ತೋರಿಸಿದವನು ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಮೆಚ್ನಿಕಾಫ್. ಅವನು 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದಾಗ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಇಟ್ಟನು. ಮರುದಿನ ಬೆಳಗ್ಗೆ ನೋಡಿದಾಗ ಮುಳ್ಳಿನ ಸುತ್ತ ಚಲಿಸುವ ಕಣಗಳು ಮುತ್ತಿಗೆ ಹಾಕಿದ್ದವು. ಈ ಕಾಣ್ಕೆಗಾಗಿ 1908ರಲ್ಲಿ ಅವನಿಗೆ ಪಾಲ್ ಎರ್ಲಿಕ್ ಜೊತೆಯಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇಷ್ಟು ಬಲವಾದ ಸೈನ್ಯವಿದ್ದೂ ದೇಹ ಸೋಲುವುದೇಕೆ? ಒಂಟಿಯಾಗಿ ಬಂದ ಬ್ಯಾಕ್ಟೀರಿಯಾಕ್ಕೆ ಕಾಲೂರಲು ಒಂದು ನೆಲ ಸಿಕ್ಕಿದಾಗ ಈ ಸೋಲಿಗೆ ಪೀಠಿಕೆ ಬೀಳುತ್ತದೆ. ಔಷಧ ಹರಿಸಲು ಅಭಿಧಮನಿಗೆ ತೂರಿಸಿದ ಪ್ಲಾಸ್ಟಿಕ್ ನಳಿಕೆ, ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರಿನ ತಂತಿ, ಕೃತಕ ಕವಾಟ, ಕೀಲುವಾತದ ಜ್ವರದಿಂದ ಹಿಂದೆಂದೋ ಗಾಯಗೊಂಡ ಸಹಜ ಕವಾಟ, ಇವೆಲ್ಲ ಅಂಥ ನೆಲಗಳು. ನಳಿಕೆ ರಕ್ತದೊಳಗೆ ಇಳಿದ ಸ್ವಲ್ಪ ಹೊತ್ತಿನಲ್ಲಿಯೇ ರಕ್ತದ ಪ್ರೋಟೀನುಗಳು ಅದರ ಮೈಗೆ ಲೇಪನದಂತೆ ಅಂಟುತ್ತವೆ. ಆ ಲೇಪನವನ್ನೇ ಬ್ಯಾಕ್ಟೀರಿಯಾ ಹಿಡಿದುಕೊಳ್ಳುತ್ತದೆ. ಚರ್ಮದ ಮೇಲೆ ಯಾರಿಗೂ ಕೇಡು ಮಾಡದೆ ಬಾಳುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಸಾಧು ಜೀವಿಯೂ ಸೂಜಿಯ ಜೊತೆಯಲ್ಲಿ ಒಳಹೊಕ್ಕು ನಳಿಕೆಯನ್ನು ಹಿಡಿದರೆ ರೋಗಕಾರಕವಾಗುತ್ತದೆ. ಹಿಡಿದದ್ದು ಇಮ್ಮಡಿಯಾಗುತ್ತದೆ, ನಾಲ್ಮಡಿಯಾಗುತ್ತದೆ, ಅಂಟನ್ನು ಸ್ರವಿಸುತ್ತದೆ, ಪೊರೆ ದಪ್ಪವಾಗುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ಮನುಷ್ಯರಿಗೆ ಮಾತ್ರವಲ್ಲ, ಬ್ಯಾಕ್ಟೀರಿಯಾಗಳಿಗೂ ಸಲ್ಲುತ್ತದೆ.

ಈಗ ಕಾವಲು ಕಣಗಳು ಬಂದು ನೋಡಿದರೆ, ನುಂಗಲು ತಕ್ಕ ತುತ್ತಿನ ಬದಲು ಎದುರಿಗೆ ಗೋಡೆಯೇ ನಿಂತಿರುತ್ತದೆ. ಬ್ಯಾಕ್ಟೀರಿಯಾದ ಅಡ್ಡಳತೆ ಸುಮಾರು ಒಂದು ಮೈಕ್ರೋಮೀಟರ್. ನ್ಯೂಟ್ರೋಫಿಲ್ಲಿನದು ಸುಮಾರು ಹನ್ನೆರಡು. ಒಂಟಿ ಬ್ಯಾಕ್ಟೀರಿಯಾ ಅದಕ್ಕೆ ಸುಲಭದ ತುತ್ತು. ಆದರೆ ಸಾವಿರಾರು ಬ್ಯಾಕ್ಟೀರಿಯಾಗಳು ಅಂಟಿನಲ್ಲಿ ಹುದುಗಿ ಒಂದೇ ಗಡ್ಡೆಯಾದರೆ ಅದನ್ನು ನುಂಗುವ ಬಾಯಿ ಎಲ್ಲಿದೆ? ಪರಕೀಯರೆಂದು ಗುರುತು ಹಚ್ಚುವ ಪ್ರೋಟೀನುಗಳೂ ಅಂಟನ್ನು ದಾಟಿ ಒಳಹೋಗಲು ತಿಣುಕುತ್ತವೆ. ನುಂಗಲಾರದ ಕಣ ತನ್ನೊಳಗಿನ ದಾಹಕ ರಸಗಳನ್ನು ಹೊರಕ್ಕೆ ಚೆಲ್ಲುತ್ತದೆ. ಆ ರಸದಿಂದ ಪೊರೆಗಿಂತ ಹೆಚ್ಚಾಗಿ ಸುತ್ತಲಿನ ಅಂಗಾಂಶವೇ ಬೇಯುತ್ತದೆ. ಹೊರಗಿನವರ ಮೇಲೆ ಎತ್ತಿದ ಕತ್ತಿ ಮನೆಯವರ ಮೇಲೆಯೇ ಬಿದ್ದಂತಾಗುತ್ತದೆ.

ಕಾವಲುಗಾರರ ಬತ್ತಳಿಕೆಯಲ್ಲಿ ಇನ್ನೊಂದು ಅಸ್ತ್ರವೂ ಇದೆ. ನ್ಯೂಟ್ರೋಫಿಲ್ ಕಣವು ತನ್ನ ಡಿ.ಎನ್.ಎ. ಎಳೆಗಳನ್ನೇ ಬಲೆಯಂತೆ ಹೊರಕ್ಕೆ ಬೀಸಿ ಬ್ಯಾಕ್ಟೀರಿಯಾಗಳನ್ನು ಸಿಕ್ಕಿಸುತ್ತದೆಂಬುದನ್ನು ಬರ್ಲಿನ್ನಿನ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಆದರೆ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಬಳಿ ಈ ಬಲೆಯನ್ನು ಕತ್ತರಿಸುವ ಕಿಣ್ವವುಂಟು. ರಕ್ತದಲ್ಲಿ ಕರಗಿರುವ ಫೈಬ್ರಿನೊಜೆನ್ನನ್ನು ಹೆಪ್ಪುಗಟ್ಟಿಸಿ, ಆ ನಾರಿನ ಮರೆಯಲ್ಲಿ ಅಡಗುವ ಕಲೆಯೂ ಅದಕ್ಕೆ ತಿಳಿದಿದೆ. ಸೂಡೊಮೊನಾಸ್ ಎಂಬ ಮತ್ತೊಂದು ಜೀವಿಯಾದರೋ ತನ್ನ ಪೊರೆಯ ಬಳಿ ಸುಳಿದ ನ್ಯೂಟ್ರೋಫಿಲ್ಲುಗಳನ್ನೇ ಒಡೆದು ಕೊಲ್ಲುವ ರಸವನ್ನು ಸ್ರವಿಸುತ್ತದೆ. ಹೀಗೆ ದೇಹವು ರಕ್ಷಣೆಗೆಂದು ಕೂಡಿಟ್ಟ ಸಾಮಗ್ರಿಯೇ ಶತ್ರುವಿನ ಕೋಟೆಗೆ ಇಟ್ಟಿಗೆಯಾಗುತ್ತದೆ.

ಇನ್ನು ಔಷಧಗಳ ಮಾತು. ಪೊರೆಯೊಳಗಿನ ಬ್ಯಾಕ್ಟೀರಿಯಾ ತೇಲಾಡುವ ಬ್ಯಾಕ್ಟೀರಿಯಾಕ್ಕಿಂತ ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಔಷಧವನ್ನು ತಾಳಿಕೊಳ್ಳಬಲ್ಲದು. ಪೊರೆಯ ಆಳದಲ್ಲಿ ಆಹಾರವೂ ಆಮ್ಲಜನಕವೂ ಕಡಿಮೆ. ಅಲ್ಲಿನ ಜೀವಿಗಳು ಬೆಳವಣಿಗೆಯನ್ನು ನಿಲ್ಲಿಸಿ ಅರೆನಿದ್ರೆಯಲ್ಲಿರುತ್ತವೆ. ಬೆಳೆಯುವ ಜೀವಿಯನ್ನು ಕೊಲ್ಲಲೆಂದು ಮಾಡಿದ ಬಹುಪಾಲು ಪ್ರತಿಜೈವಿಕ ಔಷಧಗಳು ಮಲಗಿದ ಜೀವಿಯ ಮುಂದೆ ನಿರುಪಯುಕ್ತ. ಔಷಧ ನಡೆಯುತ್ತಿರುವಷ್ಟು ದಿನ ಜ್ವರ ಇಳಿಯುತ್ತದೆ. ನಿಲ್ಲಿಸಿದರೆ ಪೊರೆಯಿಂದ ಹೊಸ ತಂಡಗಳು ಕಳಚಿ ರಕ್ತಕ್ಕೆ ಬಂದು ಜ್ವರ ಮರುಕಳಿಸುತ್ತದೆ. 1982ರಲ್ಲಿ ಕಾಸ್ಟರ್ಟನ್ ಮತ್ತು ಸಂಗಡಿಗರು ಸೋಂಕು ತಗಲಿದ್ದ ಪೇಸ್‌ಮೇಕರ್ ತಂತಿಯೊಂದನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರ ಮೇಲೆ ದಪ್ಪನಾದ ಪೊರೆಯೊಳಗೆ ಹುದುಗಿದ್ದ ಬ್ಯಾಕ್ಟೀರಿಯಾಗಳನ್ನು ತೋರಿಸಿದರು. ಇಂಥ ಸಂದರ್ಭದಲ್ಲಿ ಬಹುಮಟ್ಟಿಗೆ ಆ ಉಪಕರಣವನ್ನೇ ಹೊರತೆಗೆಯಬೇಕಾಗುತ್ತದೆ. ಹೃದಯದ ಕವಾಟವೇ ಸೋಂಕಿಗೆ ತುತ್ತಾದರೆ ನಾಲ್ಕರಿಂದ ಆರು ವಾರಗಳವರೆಗೆ ಔಷಧ ನೀಡುವುದು ವಾಡಿಕೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಅನಿವಾರ್ಯ.

ವಿಜ್ಞಾನ ಇಷ್ಟು ಮುಂದುವರಿದಿರುವಾಗ ಚಿಂತೆಯೇಕೆ, ನಾಳೆ ಇನ್ನೂ ಬಲವಾದ ಔಷಧ ಬಂದೀತು ಎನ್ನುವವರಿದ್ದಾರೆ. ಬರಲಿ, ಬಂದರೆ ಸಂತೋಷವೇ. ಆದರೆ ಹೊಸ ಔಷಧ ಬರುವವರೆಗೆ ರೋಗ ಕಾಯುವುದಿಲ್ಲ. ಬಂದ ಔಷಧವನ್ನು ಬೇಕಾಬಿಟ್ಟಿಯಾಗಿ ಬಳಸಿದರೆ ಅದೂ ಬೇಗನೆ ಮೊಂಡಾಗುತ್ತದೆ. ಅಲ್ಲದೆ ಪೊರೆ ಎಳೆಯದಾಗಿರುವಾಗ ಬಿಳಿಯ ಕಣಗಳು ಅದನ್ನು ಸ್ವಲ್ಪಮಟ್ಟಿಗಾದರೂ ನುಂಗಬಲ್ಲವು. ಬಲಿತ ಮೇಲೆ ಅದು ಕಷ್ಟ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಮುನ್ನೆಚ್ಚರಿಕೆಯ ಫಲವೇನೆಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯ ನಿದರ್ಶನ ಒದಗಿಸಿದೆ. ಅಲ್ಲಿನ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ, ನಳಿಕೆ ತೂರಿಸುವ ವೈದ್ಯರಿಗೆ ಐದು ನಿಯಮಗಳನ್ನು ವಿಧಿಸಲಾಯಿತು. ಕೈ ತೊಳೆಯಬೇಕು, ರೋಗಿಯ ಮೈಗೆ ಶುದ್ಧವಾದ ಹೊದಿಕೆ ಹೊದಿಸಿ, ತಾವೂ ಮುಖವಸ್ತ್ರ, ನಿಲುವಂಗಿ, ಕೈಗವಸು ಧರಿಸಬೇಕು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿಗೊಳಿಸಬೇಕು, ಸಾಧ್ಯವಾದಷ್ಟು ತೊಡೆಯ ಸಂದಿಯ ನಾಳವನ್ನು ಬಿಡಬೇಕು, ಅವಶ್ಯವಿಲ್ಲದ ನಳಿಕೆಯನ್ನು ತೆಗೆದುಹಾಕಬೇಕು. ಇದರಲ್ಲಿ ಹೊಸ ಔಷಧವಾವುದೂ ಇಲ್ಲ. ಆದರೂ ಸಾವಿರ ನಳಿಕೆ-ದಿನಗಳಿಗೆ ಸರಾಸರಿ 7.7 ಇದ್ದ ರಕ್ತದ ಸೋಂಕು ಒಂದೂವರೆ ವರ್ಷದೊಳಗೆ 1.4ಕ್ಕೆ ಇಳಿಯಿತು. ಪ್ರೊನೊವೋಸ್ಟ್ ಮತ್ತು ಸಂಗಡಿಗರು ಈ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಸಾಬೂನು, ನೀರು ಮತ್ತು ಶಿಸ್ತು ಮಾಡಿದ ಕೆಲಸವನ್ನು ಕೀಳಾಗಿ ಕಾಣುವಂತಿಲ್ಲ.

ಈ ಪಾಠ ದೂರದ ದೇಶಕ್ಕೆ ಮಾತ್ರ ಮೀಸಲಾದುದಲ್ಲ. ಸುಸ್ತೆಂದರೆ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳಬೇಕು, ಸೂಜಿ ಚುಚ್ಚದ ವೈದ್ಯ ವೈದ್ಯನೇ ಅಲ್ಲ ಎಂಬ ನಂಬಿಕೆ ನಾಡಿನ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಬೇರುಬಿಟ್ಟಿದೆ. ಬಾಯಿಂದ ಕುಡಿಯಬಲ್ಲವನಿಗೆ ಒಂದು ಲೋಟ ಗಂಜಿಯೋ ಮಜ್ಜಿಗೆಯೋ ಸಾಕಾಗುವ ಕಡೆ ರಕ್ತನಾಳಕ್ಕೆ ದಾರಿ ತೆರೆಯುವುದೇಕೆ? ತೆರೆದ ಪ್ರತಿಯೊಂದು ದಾರಿಯೂ ಶತ್ರುವಿಗೆ ದಿಡ್ಡಿ ಬಾಗಿಲು. ವೈದ್ಯನ ಚೀಟಿಯಿಲ್ಲದೆ ಅಂಗಡಿಯಿಂದ ಪ್ರತಿಜೈವಿಕ ಔಷಧ ತಂದು ನುಂಗುವುದೂ ಅಷ್ಟೇ ಅವಿವೇಕ. ಮಕ್ಕಳ ಗಂಟಲು ನೋವನ್ನು ಅಲಕ್ಷಿಸಿದರೆ ಕೆಲವರಲ್ಲಿ ಅದು ಕೀಲುವಾತದ ಜ್ವರಕ್ಕೆ ತಿರುಗಿ ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಕೆಟ್ಟ ಕವಾಟ ಮುಂದೊಂದು ದಿನ ಹಲ್ಲಿನ ಸಂದಿಯಿಂದ ಹೊರಟ ಬ್ಯಾಕ್ಟೀರಿಯಾಕ್ಕೆ ಬೀಡಾಗುತ್ತದೆ. ಕವಾಟ ಕೆಟ್ಟವರಿಗೆ ಹಲ್ಲಿನ ಶುಚಿತ್ವವೂ ಹೃದಯದ ರಕ್ಷಣೆಯೇ.

ಹೀಗೆಂದ ಮಾತ್ರಕ್ಕೆ ನಳಿಕೆಗಳನ್ನೂ ಪೇಸ್‌ಮೇಕರುಗಳನ್ನೂ ದೂರುವುದು ಸಲ್ಲದು. ಅವುಗಳಿಂದ ಬದುಕಿ ಉಳಿದವರು ಅಸಂಖ್ಯ. ವೈದ್ಯರು ಅವಶ್ಯವೆಂದಾಗ ಹೆದರಿ ಹಿಂದೆಗೆಯುವುದು ಇನ್ನೊಂದು ಬಗೆಯ ತಪ್ಪು. ಜೀವಿಪೊರೆಯನ್ನೂ ಸಾರಾಸಗಟಾಗಿ ಶಪಿಸಬೇಕಾಗಿಲ್ಲ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ನಗರದ ನೀರಿಗಾಗಿ ಕಟ್ಟಿದಂಥ ಮರಳಿನ ಸೋಸುಹಾಸುಗಳಲ್ಲಿ, ಮರಳಿನ ಮೇಲ್ಮೈಯಲ್ಲಿ ಬೆಳೆಯುವ ಇಂಥ ಪೊರೆಯೇ ಕುಡಿಯುವ ನೀರನ್ನು ಶುದ್ಧಗೊಳಿಸುತ್ತದೆ. ಮರಳಿನ ಮೇಲೆ ಅದು ಉಪಕಾರಿ. ಕವಾಟದ ಮೇಲೆ ಅದು ಮೃತ್ಯು. ಅದು ಇರಬೇಕಾದ ಸ್ಥಳದಲ್ಲಿ ಇರುವಂತೆ ನೋಡಿಕೊಳ್ಳುವುದು ಮನುಷ್ಯನ ಹೊಣೆ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ಹಿರಿಯರು ಹಾಸ್ಯ ಮಾಡುತ್ತಿದ್ದರು. ದೇಹವೆಂಬ ಕೋಟೆಗೆ ಕಾವಲುಗಾರರನ್ನು ಪ್ರಕೃತಿಯೇ ಕೊಟ್ಟಿದೆ. ಬಾಗಿಲನ್ನು ಅನಾವಶ್ಯಕವಾಗಿ ತೆರೆಯದಿರುವುದು, ತೆರೆದಾಗ ಕೈ ತೊಳೆದು ತೆರೆಯುವುದು, ಕೆಲಸ ಮುಗಿದೊಡನೆ ಮುಚ್ಚುವುದು, ಇಷ್ಟು ಮಾತ್ರ ಮನುಷ್ಯನ ಪಾಲಿಗೆ ಉಳಿದ ಕೆಲಸ. ರೋಗಿಯ ಹಾಸಿಗೆಯ ಬಳಿ ನಿಂತ ದಾದಿ ಪ್ರತಿದಿನವೂ ಈ ನಳಿಕೆ ಇನ್ನೂ ಬೇಕೇ ಎಂದು ಕೇಳುವುದಾದರೆ, ರೋಗಿಯ ಮಗನೋ ಮಗಳೋ ಕೈ ತೊಳೆದು ಒಳಗೆ ಬರುವುದಾದರೆ, ಆ ಎಚ್ಚರ ಒಂದು ಪ್ರಾಣವನ್ನು ಉಳಿಸೀತು. ಬ್ಯಾಕ್ಟೀರಿಯಾಗಳು ಒಗ್ಗೂಡಿ ಕೋಟೆ ಕಟ್ಟಬಲ್ಲವಾದರೆ ಮನುಷ್ಯರು ಒಗ್ಗೂಡಿ ಅದನ್ನು ತಡೆಯಲಾರರೇ?