ಅಂಗಡಿ ಮುಚ್ಚ್ರಿ, ಆದ್ರ ಕೀಲಿಕೈ ಕೊಟ್ಟು ಹೋಗ್ರಿ

ಮೊನ್ನೆ ಐತವಾರ ಅಟ್ಟದ ಮ್ಯಾಲಿನ ಹಳೇ ಸಾಮಾನೆಲ್ಲಾ ಇಳಿಸಿಕೊಂಡು ಕೂತಿದ್ದೆ. ಬಾಜೂ ಮನಿ ವೈನಿ ಬಂದ್ರು. ಮಂಚದ ಮ್ಯಾಲಿದ್ದ ಬಿಳೀ ಗೇಮ್ ಕಂಟ್ರೋಲರ್ ಎತ್ತಿ ನೋಡಿ, "ಇದರ ಆಟ ಬಂದ್ ಆಗಿ ಎಷ್ಟ್ ವರ್ಷ ಆತು, ಇದನ್ನೂ ಗುಜರಿಗೆ ಹಾಕ್ರಲಾ" ಅಂದ್ರು. ನಾ ಗಡಬಡಿಸಿ ಅವರ ಕೈಯಿಂದ ಕಸಗೊಂಡೆ. ಯಾಕಂತ ಅವತ್ತು ಚಹಾ ಕುಡಕೋತ ಅವರಿಗೆ ಹೇಳಿದೆ, ಇವತ್ತು ನಿಮಗೂ ಹೇಳ್ತೇನಿ.

ಅದು ಗೂಗಲ್‌ನವರ ಸ್ಟೇಡಿಯಾ ಅನ್ನೋ ಆಟದ ಸೇವಾದ್ದು. 2019ರ ನವೆಂಬರ್‌ನ್ಯಾಗ ಅಮೆರಿಕಾ, ಯುರೋಪಿನ ಕಡೆ ಶುರು ಮಾಡಿದ್ರು. ನಮ್ಮ ದೇಶಕ್ಕ ಬರಲೇ ಇಲ್ಲ. ಆಟ ನಡೆಯೋದು ಎಲ್ಲೋ ದೂರದ ಅವರ ಕಂಪ್ಯೂಟರ್‌ನ್ಯಾಗ, ನಮ್ಮ ಮನಿ ಟೀವಿಗೆ ಬರೋದು ಬರೇ ಚಿತ್ರ. ಕೈಯಾಗಿನ ಕಂಟ್ರೋಲರ್ ವೈಫೈ ಹಿಡಕೊಂಡು ಸೀದಾ ಆ ಕಂಪ್ಯೂಟರ್ ಜೋಡಿ ಮಾತಾಡ್ತಿತ್ತು. ಕ್ಯಾಲಿಫೋರ್ನಿಯಾದಾಗಿರೋ ನನ್ನ ಮಗ ಹೌಸಿಲೆ ತೊಗೊಂಡಿದ್ದ. 2023ರ ಜನವರಿ 18ಕ್ಕ ಅವರು ಆ ಸೇವಾ ಮುಚ್ಚೇಬಿಟ್ರು.

ನ್ಯಾಯವಾಗಿ ಹೇಳ್ಬೇಕಂದ್ರ, ಅವರು ಮರ್ಯಾದಿಲೆ ಮುಚ್ಚಿದ್ರು. ತಮ್ಮ ಅಂಗಡ್ಯಾಗ ಮಾರಿದ ಸಾಮಾನಿನ ರೊಕ್ಕ, ಆಟದ ರೊಕ್ಕ ತಿರುಗಿ ಕೊಟ್ರು. ಅದಕ್ಕಿಂತ ದೊಡ್ಡದು ಅಂದ್ರ, ಕಂಟ್ರೋಲರ್ ಒಳಗ ಮೊದಲಿಂದಲೂ ಸುಮ್ಮನ ಕೂತಿದ್ದ ಬ್ಲೂಟೂತ್ ಬಿಚ್ಚಿಕೊಟ್ರು. ಆಗ ವಾಯರ್ ಹಚ್ಚಿ ಒಂದ್ಸಲ ಬದಲಿ ಮಾಡಿದ್ರ ಸಾಕಿತ್ತು, ಬ್ಲೂಟೂತ್ ಇರೋ ಬ್ಯಾರೆ ಕಂಪ್ಯೂಟರ್‌ಗೆ ಜೋಡಿಸಬಹುದಿತ್ತು. ಒಮ್ಮೆ ಬದಲಿ ಮಾಡಿದ್ರ ತಿರುಗಿ ವೈಫೈಗೆ ಹೋಗಂಗಿಲ್ಲ, ಅಷ್ಟ. ಮಗ ಬದಲಿ ಮಾಡಿ, ಆ ಬ್ಯಾಸಿಗ್ಯಾಗ ಊರಿಗೆ ಬಂದಾಗ ಮೊಮ್ಮಗಗ ಕೊಟ್ಟು ಹೋದ.

ನಮ್ಮ ಮೊಮ್ಮಗ ನಿಮಗೆಲ್ಲಾ ಗೊತ್ತು. ಹುಟ್ಟಿದಾಗಿಂದ ಒಂದು ಕಿವಿ ಪೂರ್ತಿ ಕೇಳಂಗಿಲ್ಲ, ಇನ್ನೊಂದಕ್ಕ ಮಶೀನ್ ಹಾಕೇದ. ಕಾರ್ ಓಡ್ಸೋ ಆಟದಾಗ ಹಿಂದಿಂದ ಯಾರರೆ ಬಂದು ಹಾದ್ರ ಉಳಿದ ಹುಡುಗೂರಿಗೆ ಸಪ್ಪಳ ಕೇಳ್ತದ, ಇವಗ ಇಲ್ಲ. ಇವಗ ಬೇಕಾದದ್ದು ಕೈಯಾಗ ಆಗೋ ನಡುಕ. ಕಂಟ್ರೋಲರ್ ಒಳಗ ಅದಕ್ಕಂತಲೇ ಎರಡು ಸಣ್ಣ ಮೋಟರ್ ಇರ್ತಾವ. ನಮ್ಮ ಮನಿ ಹಳೇ ಕಂಪ್ಯೂಟರ್‌ನ್ಯಾಗ ಇರೋದು ಲಿನಕ್ಸ್. ಬಟನ್ ಎಲ್ಲಾ ನಡದ್ವು, ನಡುಕ ಮಾತ್ರ ಬರಲಿಲ್ಲ. ಹುಡುಗ ಏನೂ ಅನ್ನಲಿಲ್ಲ, ಗಪ್ಪನ ಅದನ್ನ ಬಾಜೂಕ ಇಟ್ಟ. ಅವನ ಆ ಗಪ್ಪ ಕೂಡೂದು ನೋಡಿ ನನ್ನ ಹೊಟ್ಟ್ಯಾಗ ಚುರ್ ಅಂತು.

ಮಗಗ ಫೋನ್ ಹಚ್ಚಿ ಕೇಳ್ದೆ. ಅಂವ ಹೇಳಿದ್ದು ಇಷ್ಟು: "ಅವ್ವಾ, ಕಂಪ್ಯೂಟರ್‌ಗೂ ಸಾಮಾನಿಗೂ ನಡುವ ಡ್ರೈವರ್ ಅಂತ ಒಬ್ಬ ದುಭಾಷಿ ಇರ್ಬೇಕು. ನಡುಗಿಸು ಅಂತ ಹ್ಯಾಂಗ ಹೇಳ್ಬೇಕೋ ಅದು ಇವಗ ಗೊತ್ತಿಲ್ಲ." 2023ರಾಗನೇ ಲಿನಕ್ಸ್‌ನ ಕರ್ನಲ್, ಅಂದ್ರ ಅದರ ಮೂಲ ತಿರುಳಿಗೆ, ಸ್ಟೇಡಿಯಾ ಕಂಟ್ರೋಲರ್ ನಡುಗಿಸೋ ಡ್ರೈವರ್ ಸೇರಿಸಿದ್ರು. ಅದು ಓಪನ್ ಸೋರ್ಸ್. ಬರದದ್ದು ಎಲ್ಲಾರ ಕಣ್ಣಿಗೂ ಕಾಣ್ತದ, ಯಾರು ಬೇಕಾದ್ರೂ ಓದಬಹುದು, ತಿದ್ದಬಹುದು. 2024ರ ಬ್ಯಾಸಿಗ್ಯಾಗ ನಮ್ಮ ಕಂಪ್ಯೂಟರ್‌ಗೆ ಹೊಸಾ ಲಿನಕ್ಸ್ ಹಾಕಿಸಿದ್ವಿ. ಹುಡುಗ ಕಂಟ್ರೋಲರ್ ಹಿಡದಾಂವ ಒಮ್ಮೆಲೆ, "ಅಜ್ಜಿ, ಕೈ ನೋಡು!" ಅಂತ ತಂದು ನನ್ನ ಕೈಯಾಗ ಇಟ್ಟ. ಗುರ್ ಗುರ್ ಅಂತ ನಡುಗ್ತಿತ್ತು.

ಈಗ ನನ್ನ ಮಾತು ಹೇಳ್ತೇನಿ. ಸೇವಾ ಮುಚ್ಚೋದು ಅವರವರ ವ್ಯವಹಾರ, ಬ್ಯಾಡ ಅನ್ನಂಗಿಲ್ಲ. ಆದ್ರ ನಾವು ರೊಕ್ಕ ಕೊಟ್ಟು ತಂದ ಸಾಮಾನು ನಮ್ಮದು. ಅದರ ಜೋಡಿ ಹ್ಯಾಂಗ ಮಾತಾಡ್ಬೇಕು ಅನ್ನೋದನ್ನ ಬಹಿರಂಗ ಬರದಿಟ್ಟು ಹೋಗಬೇಕು. ನಮ್ಮ ಮನ್ಯಾಗ ಮೊಬೈಲಿನಿಂದ ಹಚ್ಚೋ ದೀಪ ಒಂದಿತ್ತು. ಕಂಪನಿ ಹೆಸರು ಬ್ಯಾಡ ಬಿಡ್ರಿ. ಆಪ್ ಬಂದ್ ಮಾಡಿದ್ರು, ಚೊಲೋ ದೀಪ ಕತ್ತಲಾಗಿ ಕೂತದ. ಬಲ್ಬ್ ಸುಟ್ಟಿಲ್ಲ, ವಾಯರ್ ಕಡದಿಲ್ಲ. ಅದರ ಮಾತು ತಿಳಿಯೋರು ಯಾರೂ ಉಳದಿಲ್ಲ, ಅಷ್ಟ.

"ಕಂಪನಿಯವರು ತಮ್ಮ ಗುಟ್ಟು ಯಾಕ ಬಿಟ್ಟುಕೊಡ್ತಾರ?" ಅಂತ ನಮ್ಮ ಯಜಮಾನರು ಕೇಳಿದ್ರು. ಗುಟ್ಟು ಯಾರು ಕೇಳ್ಯಾರ? ನಮ್ಮತ್ತಿ ಮಸಾಲಿಖಾರದ ಪ್ರಮಾಣ ಯಾರಿಗೂ ಹೇಳಲಿಲ್ಲ, ಅದು ಅವರ ಹಕ್ಕು. ಆದ್ರ ಉಗ್ರಾಣದ ಕೀಲಿಕೈ ಎಲ್ಲೆದ ಅಂತ ಹೇಳೇ ಹೋದ್ರು. ಇಲ್ಲಂದ್ರ ಮನ್ಯಾಗಿನ ಜ್ವಾಳ ಮನ್ಯಾಗ ಹುಳಾ ಹಿಡೀತಿತ್ತು.

ಇನ್ನು ನಮ್ಮ ಕೆಲಸನೂ ಒಂದದ. ಮಿಕ್ಸರ್ ತೊಗೊಳ್ಳುವಾಗ ಜಾರ್ ಬ್ಯಾರೆ ಸಿಗ್ತದೋ ಇಲ್ಲೋ ಅಂತ ಹತ್ತು ಸಲ ಕೇಳ್ತೀವಿ. ಇಂಟರ್ನೆಟ್ಟಿಗೆ ಹಚ್ಚೋ ಸಾಮಾನು ತೊಗೊಳ್ಳುವಾಗ ಬಾಯಿ ಮುಚ್ಚಿಕೊಂಡು ಬರ್ತೀವಿ. ಇನ್ನ ಮ್ಯಾಲೆ ಕೇಳ್ರಿ: "ನಾಳೆ ನಿಮ್ಮ ಸೇವಾ ಬಂದ್ ಆದ್ರ ಇದು ನಡೀತದೇನು? ಬ್ಲೂಟೂತ್‌ಲೆ, ವಾಯರ್‌ಲೆ, ಬ್ಯಾರೆ ಕಂಪ್ಯೂಟರ್‌ಗೆ ಜೋಡಿಸಲಿಕ್ಕೆ ಬರ್ತದೇನು?" ಅಂಗಡಿ ಹುಡುಗಗ ಉತ್ತರ ಬರದಿದ್ರ ನಡೀತದ. ನೂರು ಮಂದಿ ಕೇಳಿದ ಮ್ಯಾಲೆ ಅಂವ ತನ್ನ ಮಾಲಕಗ ಕೇಳೇ ಕೇಳ್ತಾನ.

ವೈನಿ ಚಹಾ ಮುಗಿಸಿ ಏಳುವಾಗ ಕಂಟ್ರೋಲರ್ ಅನ್ನ ತಾವೇ ಸೆರಗಿಲೆ ಒರಸಿ ಕಪಾಟಿನಾಗ ಇಟ್ರು. ಗುಜರಿ ಚೀಲದಾಗ ಆ ದೀಪ ಹೋತು.