ನೋವು ಹೋದರೂ ಕರುಳು ಮರೆಯುವುದಿಲ್ಲ

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ಹೊಳೆಯುವುದು ಮೂಲವ್ಯಾಧಿ. ಮುಲಾಮು, ಮಜ್ಜಿಗೆ, ಖಾರವಿಲ್ಲದ ಊಟ ಎನ್ನುತ್ತ ತಿಂಗಳುಗಳು ಕಳೆಯುತ್ತವೆ. ಆ ರಕ್ತ ದೊಡ್ಡ ಕರುಳಿನಲ್ಲಿ ಹುಣ್ಣು ಮಾಡುವ ದೀರ್ಘಕಾಲದ ಉರಿಯೂತವಾದ ಅಲ್ಸರೇಟಿವ್ ಕೊಲೈಟಿಸ್‌ನದ್ದಾಗಿದ್ದರೆ ಈ ವಿಳಂಬ ದುಬಾರಿ. ಉರಿಯೂತ ಮುಂದುವರಿದಷ್ಟೂ ಕರುಳಿನ ಗೋಡೆಯೇ ಬದಲಾಗುತ್ತ ಹೋಗುತ್ತದೆ.

ಕರುಳಿನ ಒಳಪದರದ ಕೆಳಗೆ ಫೈಬ್ರೊಬ್ಲಾಸ್ಟ್ ಎಂಬ ಸಂಯೋಜಕ ಅಂಗಾಂಶದ ಜೀವಕೋಶಗಳಿವೆ. ಕೊಲಾಜೆನ್ ನೇಯ್ದು ಗಾಯ ಕೂಡಿಸುವುದಷ್ಟೇ ಅವುಗಳ ಕೆಲಸವೆಂದು ಬಹುಕಾಲ ನಂಬಿದ್ದೆವು. ಆದರೆ ಉರಿಯೂತ ಹಳೆಯದಾದಾಗ ಅವೇ ರೋಗನಿರೋಧಕ ಕೋಶಗಳನ್ನು ಕೂಗಿ ಕರೆದು ಬೆಂಕಿಗೆ ತುಪ್ಪ ಸುರಿಯುತ್ತವೆ. 2017ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು, ಆಂಕೋಸ್ಟಾಟಿನ್ ಎಂ ಎಂಬ ಸಂಕೇತ ಈ ಕೋಶಗಳನ್ನು ಕೆರಳಿಸುತ್ತದೆ, ಅದು ಹೆಚ್ಚಿರುವ ರೋಗಿಗಳಲ್ಲಿ ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ದುಬಾರಿ ಚುಚ್ಚುಮದ್ದು ಅಷ್ಟಾಗಿ ಫಲಿಸುವುದಿಲ್ಲ ಎಂದು ತೋರಿಸಿದರು. ಕರುಳಿನ ಇನ್ನೊಂದು ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಯಲ್ಲಿ ಈ ಫೈಬ್ರೊಬ್ಲಾಸ್ಟ್‌ಗಳು ಅತಿಯಾಗಿ ಕೊಲಾಜೆನ್ ಸುರಿದು ಕರುಳನ್ನು ಇಕ್ಕಟ್ಟಾಗಿಸುತ್ತವೆ. ಹಾಗೆ ಗಟ್ಟಿಯಾದ ಕಲೆಯನ್ನು ಕರಗಿಸುವ ಮಾತ್ರೆ ಇನ್ನೂ ಇಲ್ಲ. ನಮ್ಮ ದೇಶದಲ್ಲಂತೂ ಕ್ರೋನ್ಸ್ ಅನ್ನು ಕರುಳಿನ ಕ್ಷಯವೆಂದು ತಿಳಿದು ಚಿಕಿತ್ಸೆ ಕೊಡುವುದುಂಟು. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಅನುಭವಿ ವೈದ್ಯರಿಗೂ ಕಷ್ಟ. ಆ ತಪ್ಪು ಚಿಕಿತ್ಸೆಯ ಅವಧಿಯಲ್ಲೂ ಕಲೆ ಬೆಳೆಯುತ್ತಲೇ ಇರುತ್ತದೆ.

ಹಳೆಯ ಉರಿಯೂತ ಕ್ಯಾನ್ಸರ್‌ಗೂ ದಾರಿಯಾಗಬಹುದು; ಅಲ್ಲೂ ಇದೇ ಕೋಶಗಳ ಪಾತ್ರವಿದೆ. ಕ್ಯಾನ್ಸರ್ ಗಡ್ಡೆ ವಾಸಿಯಾಗದ ಗಾಯವಿದ್ದಂತೆ ಎಂದು ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲೇ ಬರೆದಿದ್ದರು. 2015ರಲ್ಲಿ ಎರಡು ತಂಡಗಳು ಅದಕ್ಕೆ ಇನ್ನಷ್ಟು ಬಲ ಕೊಟ್ಟವು: ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಮರಳಿ ಬರುವ, ಹರಡುವ ಬಗೆಯನ್ನು ಸೂಚಿಸುವ ಜೀನ್ ಗುರುತುಗಳು ಬಹುಪಾಲು ಕ್ಯಾನ್ಸರ್ ಕೋಶದ್ದಲ್ಲ, ಸುತ್ತಲಿನ ಸಂಯೋಜಕ ಅಂಗಾಂಶದ್ದು. ಹಾಗೆಂದು ಫೈಬ್ರೊಬ್ಲಾಸ್ಟ್‌ಗಳನ್ನೆಲ್ಲ ನಾಶಮಾಡುವುದು ಮದ್ದಲ್ಲ. ಅವುಗಳಲ್ಲಿ ಗಡ್ಡೆಯನ್ನು ತಡೆದು ಹಿಡಿಯುವಂಥವೂ ಇವೆ. ಯಾವುದು ಕಾಯುತ್ತದೆ, ಯಾವುದು ಕೆಡಿಸುತ್ತದೆ ಎಂದು ಬಿಡಿಸಿ ತೋರಿಸುವ ಸಂಶೋಧನೆಗೆ ನಮ್ಮ ವೈದ್ಯಕೀಯ ಕಾಲೇಜುಗಳೂ ಕೈಹಾಕಬೇಕು.

ಅಲ್ಲಿಯವರೆಗೆ ಕೈಯಲ್ಲಿರುವ ಉಪಾಯವನ್ನಾದರೂ ಬಿಡಬಾರದು. ಹೊಟ್ಟೆನೋವು, ಭೇದಿ ನಿಂತಿತೆಂದು ಮಾತ್ರೆ ಬಿಡುವವರು ಬಹಳ. ಲಕ್ಷಣ ಅಡಗಿದರೂ ಒಳಗಿನ ಉರಿಯೂತ ಉಳಿದಿರಬಹುದು. ದೊಡ್ಡ ಕರುಳಿನ ಉರಿಯೂತ ಗುದನಾಳದಾಚೆಗೂ ಹರಡಿದ್ದರೆ, ಲಕ್ಷಣ ಶುರುವಾಗಿ 8 ವರ್ಷವಾಗುವ ಹೊತ್ತಿಗೆ ಕ್ಯಾನ್ಸರ್ ತಪಾಸಣೆಯ ಕೊಲೊನೊಸ್ಕೋಪಿ ಆಗಲೇಬೇಕು; ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್ ಎಂಬ ಪಿತ್ತನಾಳದ ಕಾಯಿಲೆಯೂ ಇದ್ದರೆ, ಅದು ಪತ್ತೆಯಾದಾಗಿನಿಂದಲೇ ಪ್ರತಿವರ್ಷ. ರೋಗ ಶುರುವಾದ ವರ್ಷ, ಮುಂದಿನ ತಪಾಸಣೆಯ ದಿನಾಂಕ, ಇವೆರಡನ್ನೂ ಡಿಸ್ಚಾರ್ಜ್ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆಯುವ ಪದ್ಧತಿಯನ್ನು ಆಸ್ಪತ್ರೆಗಳು ಈಗಲೇ ಜಾರಿಗೆ ತರಲಿ.